ಬಾತುಕೋಳಿಯ ಬಾಲದ ಬುಡ ಬಾತಿದ್ದರೆ ದಯವಿಟ್ಟು ಹಿಂಡಬೇಡಿ

ಬಾತುಕೋಳಿ ಸಾಕಿದವರು ಆಗಾಗ ಅದರ ಬಾಲದ ಬುಡ ನೋಡುತ್ತಿರಿ. ಬೆನ್ನು ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಪುಕ್ಕ ಸರಿಸಿದರೆ ಸಣ್ಣದೊಂದು ಉಬ್ಬು ಕಾಣುತ್ತದೆ. ಅದು ಗಡ್ಡೆ ಅಲ್ಲ. ಅದು ಎಣ್ಣೆ ಗ್ರಂಥಿ, ಎಲ್ಲ ಬಾತುಕೋಳಿಗೂ ಇರುತ್ತದೆ. ಎಡಕ್ಕೊಂದು, ಬಲಕ್ಕೊಂದು ಭಾಗ, ಎರಡಕ್ಕೂ ಸೇರಿ ಒಂದು ಸಣ್ಣ ತೊಟ್ಟು, ತೊಟ್ಟಿನ ತುದಿಗೆ ಎಣ್ಣೆಯಲ್ಲಿ ನೆನೆದ ಪುಕ್ಕದ ಕುಚ್ಚು. ಬಾತುಕೋಳಿ ಕತ್ತು ಹಿಂದಕ್ಕೆ ತಿರುಗಿಸಿ ಕೊಕ್ಕನ್ನು ಅಲ್ಲಿ ಉಜ್ಜಿ, ಆ ಎಣ್ಣೆಯನ್ನು ಎದೆಗೆ, ರೆಕ್ಕೆಗೆ, ಬೆನ್ನಿಗೆ ಹಚ್ಚಿಕೊಳ್ಳುತ್ತದೆ. ಕೊಕ್ಕು ಮುಟ್ಟದ ಜಾಗಕ್ಕೆ ತಲೆಯನ್ನೇ ಉಜ್ಜುತ್ತದೆ. ಪುಕ್ಕ ಒಣಗಿ ಮುರಿಯದೆ, ನೀರು ಹೀರದೆ ಉಳಿಯುವುದು ಹೀಗೆ.

ನಮ್ಮ ಮನೆಗೆ ಬಂದ ಬಾತುಕೋಳಿಯನ್ನು ಊರು ಬಿಟ್ಟು ಹೋಗುವವರೊಬ್ಬರು ಕೊಟ್ಟು ಹೋದರು. ಅಲ್ಲಿ ಅದು ಮಾಳಿಗೆ ಮೇಲೆ ಇತ್ತು. ಕುಡಿಯೋಕೆ ಒಂದು ತಟ್ಟೆ ನೀರು, ತಿನ್ನೋಕೆ ಬಿಳಿ ಜೋಳ, ಅಷ್ಟೇ. ಮಗಳು ಅದಕ್ಕೆ ಗೌರಿ ಅಂತ ಹೆಸರಿಟ್ಟಳು. ಬಂದ ದಿನವೇ ಅದರ ಪುಕ್ಕ ನೋಡಿ ನನಗೆ ಸಮಾಧಾನ ಆಗಲಿಲ್ಲ. ಬೆನ್ನಿನ ಮೇಲೆ ನೀರು ಹಾಕಿದರೆ ಜಾರಿ ಹೋಗಬೇಕು ಅಲ್ವಾ, ಇದರ ಮೈ ಬಟ್ಟೆ ನೆನೆದ ಹಾಗೆ ನೆನೆಯುತ್ತಿತ್ತು. ಬಾಲದ ಹತ್ತಿರ ಕೈ ಹೋದರೆ ತಿರುಗಿ ಕಚ್ಚುತ್ತಿತ್ತು. ಪುಕ್ಕ ಸರಿಸಿ ನೋಡಿದರೆ ಬಲಭಾಗ ಎಡಭಾಗಕ್ಕಿಂತ ಎರಡು ಪಟ್ಟು ದಪ್ಪ, ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು, ತೊಟ್ಟಿನ ತುದಿಯಲ್ಲಿ ಹಳದಿ ಬಣ್ಣದ ಏನೋ ಒಣಗಿ ಬಿರಡೆ ಹಾಕಿ ಕೂತಿತ್ತು.

ಇಲ್ಲೊಂದು ಮಾತು. ಮುಟ್ಟಿದರೆ ಬಿಸಿ ಇದೆ ಎಂದ ಮಾತ್ರಕ್ಕೆ ಗಾಬರಿ ಆಗಬೇಡಿ. ಬಾತುಕೋಳಿಯ ಮೈಬಿಸಿಯೇ 41-42 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಯಾವಾಗಲೂ ಜ್ವರ ಬಂದಂತೆ ಅನಿಸುತ್ತದೆ. ಎರಡೂ ಭಾಗವನ್ನು ಹೋಲಿಸಿ ನೋಡಿ. ಒಂದೇ ದಪ್ಪ ಇದ್ದರೆ, ಮೆತ್ತಗಿದ್ದರೆ ಚಿಂತೆ ಇಲ್ಲ. ಒಂದು ಕಡೆ ಮಾತ್ರ ಊದಿ ಗಟ್ಟಿಯಾಗಿದ್ದರೆ ತಡ ಮಾಡಬೇಡಿ.

ವಿಜಯಪುರದಲ್ಲಿ ಬಾತುಕೋಳಿ ಸಾಕುವವರು ಕಡಿಮೆ. ಎಮ್ಮೆ, ಆಡು, ಜವಾರಿ ಕೋಳಿ ಅಂದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತು, ಬಾತುಕೋಳಿ ಅಂದರೆ ಎಲ್ಲರೂ ಮನುಷ್ಯರ ಕುರುವಿಗೆ ಹೇಳುವ ಮದ್ದೇ ಹೇಳುತ್ತಾರೆ. ಪಕ್ಕದ ಮನೆ ಆಯಿ ಪ್ರೀತಿಯಿಂದಲೇ ಹೇಳಿದರು: "ಒತ್ತಿ ಕೀವ ತಗದು ಅರಿಷಿಣ ಎಣ್ಣಿ ಹಚ್ಚವಾ, ಎರಡ ದಿನದಾಗ ಆರಾಮ ಆಗ್ತೈತಿ." ಮೆಡಿಕಲ್ ಶಾಪಿನವರು ಒಂದು ಮುಲಾಮು ತೆಗೆದು ಕೊಟ್ಟರು. ನಾನು ಎರಡನ್ನೂ ಬಿಟ್ಟೆ. ಎಣ್ಣೆ, ಮುಲಾಮು ಪುಕ್ಕಕ್ಕೆ ಹತ್ತಿದರೆ ಪುಕ್ಕ ಒಂದಕ್ಕೊಂದು ಅಂಟಿ ಗಾಳಿ ಹಿಡಿಯುವುದಿಲ್ಲ, ಹಕ್ಕಿಯ ಮೈ ಬೆಚ್ಚಗೆ ಉಳಿಯುವುದಿಲ್ಲ. ಜೊತೆಗೆ ಹಚ್ಚಿದ್ದೆಲ್ಲ ಕೊಕ್ಕಿನ ಮೂಲಕ ಹೊಟ್ಟೆಗೇ ಹೋಗುತ್ತದೆ.

ಇನ್ನು ಹಿಂಡುವ ವಿಷಯ. ಇದನ್ನು ಎಲ್ಲರೂ ತಿಳಿದುಕೊಳ್ಳಲೇಬೇಕು. ಹಕ್ಕಿಗಳ ಕೀವು ನಮ್ಮ ಕೀವಿನ ಥರ ಹರಿಯುವುದಿಲ್ಲ. ನಮ್ಮ ಬಿಳಿ ರಕ್ತಕಣಗಳಲ್ಲಿ ಕೀವನ್ನು ನೀರಾಗಿಸುವ ಕಿಣ್ವ ಇರುತ್ತದೆ, ಹಕ್ಕಿಗಳ ಅದೇ ಕೆಲಸದ ಕಣಗಳಲ್ಲಿ ಅದು ಇಲ್ಲ. ಹಾಗಾಗಿ ಕೀವು ಒಳಗೇ ಒಣಗಿದ ಪನೀರ್ ಚೂರಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಅದು ತೊಟ್ಟಿನ ಸಣ್ಣ ತೂತಿನಿಂದ ಹೊರಗೆ ಬರುವುದೇ ಇಲ್ಲ. ಜೋರಾಗಿ ಒತ್ತಿದರೆ ಗ್ರಂಥಿ ಒಳಗೇ ಒಡೆದು ಸೋಂಕು ಸುತ್ತಲಿನ ಮಾಂಸಕ್ಕೆ ಹಬ್ಬುತ್ತದೆ. ಇದೇ ಕಾರಣಕ್ಕೆ ಬರೀ ಆಂಟಿಬಯೋಟಿಕ್ ಕೊಟ್ಟರೂ ಸಾಕಾಗುವುದಿಲ್ಲ, ಆ ಗಟ್ಟಿ ಗಂಟಿನ ಒಳಗೆ ಔಷಧ ತಲುಪುವುದೇ ಕಷ್ಟ. ಗಂಟನ್ನು ತೆಗೆಯಲೇಬೇಕು, ಅದನ್ನು ಡಾಕ್ಟರೇ ತೆಗೆಯಬೇಕು.

ಗೌರಿಯನ್ನು ಟವೆಲ್‌ನಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ದೆವು. ಹಿಡಿಯುವಾಗ ರೆಕ್ಕೆ ಮೈಗೆ ಸೇರಿಸಿ ಹಿಡಿಯಿರಿ, ಆದರೆ ಎದೆ ಒತ್ತಬೇಡಿ. ಹಕ್ಕಿಗಳಿಗೆ ನಮ್ಮ ಹಾಗೆ ಉಸಿರಾಡಿಸುವ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ) ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೇನೇ ಉಸಿರು. ಬಿಗಿಯಾಗಿ ಅಪ್ಪಿದರೆ ಉಸಿರು ಕಟ್ಟುತ್ತದೆ.

ಡಾಕ್ಟರು ನೋಡಿ ಮೊದಲು ಕೇಳಿದ್ದು, "ಮನ್ಯಾಗ ಒತ್ತಿಲ್ಲಲ್ರೀ?" ಇಲ್ಲ ಅಂದೆ. "ಛಲೋ ಆತು" ಅಂದರು. ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರು. ತುದಿಯ ಬಿರಡೆ ಮೆತ್ತಗಾಗಿ ತಾನೇ ಬಿಟ್ಟುಕೊಂಡಿತು. ಆಮೇಲೆ ಮರಗಟ್ಟಿಸಿ ಸಣ್ಣದೊಂದು ಗಾಯ ಮಾಡಿ ಒಳಗಿನ ಗಂಟನ್ನು ಚೂರುಚೂರಾಗಿ ತೆಗೆದರು. ನಾನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಅದರ ಎದೆ ಬಡಿತ ನನ್ನ ಬೆರಳಿಗೆ ತಾಗುತ್ತಿತ್ತು, ಪಾಪ, ಸದ್ದೇ ಮಾಡಲಿಲ್ಲ. ಕೊನೆಗೆ ತೆಳ್ಳಗೆ ಮಾಡಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆದರು. ತೂಕ ನೋಡಿ ಆಂಟಿಬಯೋಟಿಕ್ ಬರೆದುಕೊಟ್ಟರು. ಔಷಧದ ಅಳತೆ ಹಕ್ಕಿಯ ತೂಕದ ಮೇಲೆ ಹೋಗುತ್ತದೆ, ಅದಕ್ಕೇ ನಾನು ಇಲ್ಲಿ ಬರೆಯುತ್ತಿಲ್ಲ. ಔಷಧ ನಡೆಯುವಾಗ ಅದರ ಮೊಟ್ಟೆ ತಿನ್ನಬಾರದು. ಮುಗಿದ ಮೇಲೂ ಎಷ್ಟು ದಿನ ಬಿಡಬೇಕು ಎಂದು ಡಾಕ್ಟರನ್ನೇ ಕೇಳಿ. ಮನೆಯಲ್ಲಿರುವ ನೋವಿನ ಗುಳಿಗೆ ಕೊಡಲೇಬೇಡಿ. ನಮ್ಮ ದೇಶದ ರಣಹದ್ದುಗಳನ್ನು ಮುಗಿಸಿದ್ದು ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ, ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದ್ದಾರೆ.

ಮನೆಗೆ ಬಂದ ಮೇಲೆ ನಮ್ಮ ಕೆಲಸ ದಿನಕ್ಕೆರಡು ಸಲ ಬೆಚ್ಚಗಿನ ಬಟ್ಟೆ ಇಡುವುದು, ತೊಳೆಯುವುದು, ಒಣಗಿಸುವುದು. ಆದರೆ ನಮ್ಮ ಬಿಸಿಲಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ನೊಣ. ಹಸಿ ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಸೊಳ್ಳೆ ಪರದೆ ಕಟ್ಟಿ ಒಳಗೆ ಇಟ್ಟುಕೊಂಡೆವು. ಈಜೋಕೆ ಬಿಡಲಿಲ್ಲ, ಎಣ್ಣೆ ಇಲ್ಲದ ಪುಕ್ಕ ನೆನೆದು ಚಳಿ ಹಿಡಿಯುತ್ತದೆ. ಮೂಗು, ಕಣ್ಣು ಮುಳುಗಿಸುವಷ್ಟು ಆಳದ ಪಾತ್ರೆಯಲ್ಲಿ ನೀರಂತೂ ಯಾವಾಗಲೂ ಇರಲೇಬೇಕು.

ಊತ ಇಳಿದ ಮೇಲೆ ಡಾಕ್ಟರು ಹೇಳಿದ್ದು ಮೇವಿನ ಬಗ್ಗೆ. ವಿಟಮಿನ್ ಎ ಕಡಿಮೆಯಾದರೆ ಗ್ರಂಥಿಯ ಒಳಪದರ ಗಟ್ಟಿಯಾಗಿ ಎಣ್ಣೆ ಒಳಗೇ ಹೆಪ್ಪುಗಟ್ಟುತ್ತದೆ. ಜೊತೆಗೆ ಮೈ ತೊಳೆಯೋಕೆ ನೀರಿಲ್ಲದಿದ್ದರೆ ಹಕ್ಕಿ ಪುಕ್ಕ ತೀಡುವುದನ್ನೇ ಕಡಿಮೆ ಮಾಡುತ್ತದೆ, ಎಣ್ಣೆ ಹೊರಗೆ ಹೋಗುವುದಿಲ್ಲ. ಜೋಳ ನಮ್ಮ ಜೀವ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಬಿಳಿ ಜೋಳದಲ್ಲಿ ವಿಟಮಿನ್ ಎ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈಗ ಗೌರಿಗೆ ಮೇವಿನ ಜೊತೆ ನುಗ್ಗೆ ಸೊಪ್ಪು, ತುರಿದ ಗಜ್ಜರಿ, ಬೇಯಿಸಿದ ಕುಂಬಳಕಾಯಿ.

ನೀರಿನದೇ ತಲೆನೋವು. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಟ್ಟೆ ನೆನೆಸುವ ಹಳೆ ಟಬ್ಬನ್ನೇ ನುಗ್ಗೆ ಗಿಡದ ಪಕ್ಕ ಇಟ್ಟಿದ್ದೇವೆ. ಹೊಲಸಾದ ನೀರನ್ನು ಗಿಡದ ಬುಡಕ್ಕೇ ಚೆಲ್ಲುತ್ತೇವೆ, ಒಂದು ಹನಿಯೂ ಹಾಳಾಗುವುದಿಲ್ಲ. ಟಬ್ಬಿಗೆ ದಿನಾ ಹೊಸ ನೀರು ಹಾಕಲೇಬೇಕು, ಹಿಕ್ಕೆ ಬಿದ್ದ ಹಳೆ ನೀರಲ್ಲಿ ಗಾಯ ಮತ್ತೆ ಕೆದರುತ್ತದೆ.

ಹಳ್ಳಿಯಲ್ಲಿದ್ದು ಆಸ್ಪತ್ರೆ ದೂರ ಇದ್ದರೆ ಪಶು ಸಂಜೀವಿನಿ ಎಂಬ ಸಂಚಾರಿ ಪಶು ಚಿಕಿತ್ಸೆಯ 1962 ನಂಬರಿಗೆ ಫೋನ್ ಮಾಡಿ ಕೇಳಿ. ಬಾತುಕೋಳಿ ಅಂತ ಹೇಳೋಕೆ ಸಂಕೋಚ ಬೇಡ. ಅಲ್ಲಿಯವರೆಗೆ ಬೆಚ್ಚಗಿನ ಬಟ್ಟೆ ಇಡಿ, ನೊಣ ಕೂರದ ಹಾಗೆ ನೋಡಿಕೊಳ್ಳಿ, ಬೆರಳು ಮಾತ್ರ ಹಚ್ಚಬೇಡಿ.