ಬಾವುಟಗುಡ್ಡೆಯಿಂದ ಕೊಚ್ಚಿಗೆ, ಮೊಸ್ಕೆನಿಯ ಜಾಡು ಹಿಡಿದು

ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುದಾರಿ. ದೂರ ಜಾಸ್ತಿ ಇಲ್ಲ, ಆದರೆ ಮಂಗಳೂರಿನ ಸೆಕೆಗೆ ಅಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತ್ತು. ಅಲೋಶಿಯಸ್ ಕಾಲೇಜಿನ ಚಾಪೆಲ್ ಹೊರಗಿನಿಂದ ಅಂಥ ವಿಶೇಷ ಅನಿಸುವುದಿಲ್ಲ. ಒಳಗೆ ಕಾಲಿಟ್ಟರೆ ಖಾಲಿ ಜಾಗವೇ ಇಲ್ಲ. ಗೋಡೆ, ಕಮಾನು, ಛಾವಣಿ, ಎಲ್ಲೆಲ್ಲೂ ಚಿತ್ರ. ಒಳಗೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು, ಸುಮ್ನೆ ಕತ್ತೆತ್ತಿ ನೋಡಿದೆ.

ಬಿಡಿಸಿದವರು ಇಟಲಿಯ ಆಂಟೊನಿಯೊ ಮೊಸ್ಕೆನಿ. 1854ರಲ್ಲಿ ಬೆರ್ಗಾಮೊ ಪಕ್ಕದ ಸ್ಟೆಝಾನೊದಲ್ಲಿ ಹುಟ್ಟಿದವರು. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತರು. ರೋಮ್‌ಗೆ ಹೋಗಿ ವ್ಯಾಟಿಕನ್ನಿನ ಚಿತ್ರಗಳನ್ನು ಕಣ್ತುಂಬಿಕೊಂಡರು. 1889ರಲ್ಲಿ ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಂಘ ಸೇರಿದರು, ಅದೂ ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಮಂಗಳೂರಿಗೆ ಇಟಾಲಿಯನ್ ಜೆಸ್ವಿಟರು ಬಂದಿದ್ದು 1878ರ ಕೊನೆಗೆ. 1880ರಲ್ಲಿ ಕಾಲೇಜು ಶುರುವಾಯಿತು, ಆಮೇಲೆ ಚಾಪೆಲ್ ಎದ್ದಿತು. ಅದರ ಗೋಡೆಗಳಿಗೆ ಬಣ್ಣ ಬಂದಿದ್ದು ಮೊಸ್ಕೆನಿ ಬಂದಮೇಲೆ, 1900ರ ಆಸುಪಾಸಿನಲ್ಲಿ.

ಇಲ್ಲಿ ಕ್ಯಾನ್ವಾಸಿನ ತೈಲಚಿತ್ರಗಳೂ ಇವೆ, ಫ್ರೆಸ್ಕೊಗಳೂ ಇವೆ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವುದು. ಗಾರೆ ಒಣಗುವಾಗ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಅಂದಂದಿನ ಗಾರೆಯನ್ನು ಅಂದೇ ಮುಗಿಸಬೇಕು. ಕೈ ತಪ್ಪಿದರೆ ಕೆತ್ತಿ ಮತ್ತೆ ಮೆತ್ತಬೇಕು.

ಛಾವಣಿಯ ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಝಾಗರ ಕತೆ. ದೊಡ್ಡ ಮನೆತನದ ಹಿರಿಯ ಮಗ. ಬರಬೇಕಿದ್ದ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಆದ ಹುಡುಗ. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತು, ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡ. ವಯಸ್ಸು 23. ಚಿತ್ರಕಾರನಾಗಿ ಬದುಕು ಕಟ್ಟಿಕೊಂಡಿದ್ದ ಮೊಸ್ಕೆನಿಯೂ ಎಲ್ಲ ಬಿಟ್ಟು ಬಂದು ಈ ಕತೆ ಬರೆದಿದ್ದಾರಲ್ಲ, ಅದಕ್ಕೇ ಇರಬೇಕು, ಅರಮನೆಯ ವೈಭವಕ್ಕಿಂತ ರೋಗಿಗಳ ಚಿತ್ರದ ಕೆಳಗೇ ನಾನು ಜಾಸ್ತಿ ಹೊತ್ತು ನಿಂತೆ. ಗೋಡೆಯಲ್ಲಿ ಯೇಸುವಿನ ಜನನ, ಕಾನಾದ ಮದುವೆ, ಶಿಲುಬೆ. ಬೈಬಲ್ ಓದದವರಿಗೂ ಕತೆ ಅರ್ಥವಾಗುತ್ತದೆ.

ರಾತ್ರಿ ರೈಲು ಹತ್ತಿ ಬೆಳಗಾಗುವಷ್ಟರಲ್ಲಿ ಎರ್ನಾಕುಲಂ. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾದಲ್ಲೂ ಮೊಸ್ಕೆನಿಯವರ ಕೆಲಸವಿದೆ. ಇಲ್ಲಿನ ಹಳೆಯ ಚರ್ಚನ್ನು ಬ್ರಿಟಿಷರು 1795ರಲ್ಲಿ ಕೆಡವಿದ್ದರು. ಅದರದೊಂದು ಕಲ್ಲಿನ ಕಂಬ ಈಗಲೂ ಅಂಗಳದಲ್ಲಿದೆ. ಹೊಸ ಕಟ್ಟಡದ ಪ್ರತಿಷ್ಠೆ 1905ರ ನವೆಂಬರ್ 19ಕ್ಕೆ. ಅದಕ್ಕೆ ಕೆಲವೇ ದಿನ ಮೊದಲು ಮೊಸ್ಕೆನಿ ಕೊಚ್ಚಿಯಲ್ಲೇ ತೀರಿಕೊಂಡರು.

ಇಲ್ಲಿನ 'ಕೊನೆಯ ಭೋಜನ' ಲಿಯೊನಾರ್ಡೊ ಡ ವಿಂಚಿಯ ಚಿತ್ರವನ್ನು ನೋಡಿ ಮಾಡಿದ್ದು. ಚೆನ್ನಾಗಿದೆ, ಆದರೆ ಕಣ್ಣಿಗೆ ಮೊದಲು ಸಿಗುವವನು ಲಿಯೊನಾರ್ಡೊ, ಅಲ್ವಾ? ಮೊಸ್ಕೆನಿಯನ್ನೇ ನೋಡಬೇಕಿದ್ದರೆ ಮಂಗಳೂರೇ ಸರಿ. ಜೆಪ್ಪು ಸೆಮಿನರಿಯ ಚಾಪೆಲ್‌ನಲ್ಲೂ ಅವರ ಚಿತ್ರಗಳಿವೆ. ಈ ಸಲ ಅಲ್ಲಿಗೆ ಹೋಗಲು ಆಗಲಿಲ್ಲ.