ಉಣ್ಣೆ ತೊಟ್ಟು ಕುಣಿದವರು

1910ರಲ್ಲಿ ರಷ್ಯನ್ ಬ್ಯಾಲೆ ತಂಡ ಆಡಿದ ‘ಶೆಹೆರಜಾದೆ’ ನೃತ್ಯನಾಟಕಕ್ಕೆ ಚಿತ್ರಕಾರ ಬಾಕ್ಸ್ಟ್ ರೂಪಿಸಿದ ಝಗಮಗಿಸುವ ವೇಷಗಳು ಪ್ಯಾರಿಸ್‌ನ ಹೆಂಗಸರ ಉಡುಪಿಗೂ ಬಣ್ಣ ತುಂಬಿದವು, ನಿಜ. ನನ್ನ ಮನಸ್ಸು ಹೋಗುವುದು ಮಾತ್ರ ಅದೇ ತಂಡ 1913ರಲ್ಲಿ ಆಡಿದ ‘ರೈಟ್ ಆಫ್ ಸ್ಪ್ರಿಂಗ್’ ಕಡೆಗೆ. ಇಂದು ಅದರ ಉಡುಪುಗಳ ಚಿತ್ರಗಳನ್ನು ಮತ್ತೆ ನೋಡುತ್ತ ಕುಳಿತೆ. ಹಗುರವಾದ ಜಾಲರಿ ಲಂಗವಿಲ್ಲ. ದಪ್ಪ ಉಣ್ಣೆಯ ನಿಲುವಂಗಿ, ಅದರ ಮೇಲೆ ಬಣ್ಣದಲ್ಲಿ ಬರೆದ ವೃತ್ತ, ಚೌಕಗಳು, ಉದ್ದನೆಯ ಜಡೆ. ಅದನ್ನು ತೊಟ್ಟು, ಪಾದಗಳನ್ನು ಒಳಕ್ಕೆ ತಿರುಗಿಸಿ, ನೆಲ ಅದುರುವಂತೆ ಜಿಗಿಯಬೇಕು! ಆ ಭಾರವೇ ನೃತ್ಯ ಸಂಯೋಜಕ ನಿಜಿನ್ಸ್ಕಿ ಹೆಣೆದ ಹೆಜ್ಜೆಗಳಿಗೆ ಮಣ್ಣಿನ ಗುಣ ಕೊಟ್ಟಿತೆಂದು ನನಗೆ ಅನಿಸುತ್ತದೆ. ಉಡುಪು ರೂಪಿಸಿದವರು ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್. ಬೆಂಗಳೂರಿನ ಹೊರವಲಯದ ನಮ್ಮ ತಾತಗುಣಿ ತೋಟದಲ್ಲಿ ನಟಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ. ಇಬ್ಬರ ಚಿತ್ರಗಳೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ, ಬಿಡುವಾದಾಗ ನೋಡಿ ಬನ್ನಿ.