ಮಹಾಪಧಮನಿ ಸೀಳಿದಾಗ: ಸಿಟಿ ಮತ್ತು ವರ್ಗೀಕರಣ

ಎದೆ ಅಥವಾ ಬೆನ್ನಿನಲ್ಲಿ ದಿಢೀರನೆ ಸೀಳುವಂಥ ನೋವು ಎಂದವರಿಗೆ ನೇರ ಸಿಟಿ ಆಂಜಿಯೊ (ಕಾಂಟ್ರಾಸ್ಟ್ ಎಂಬ, ಸ್ಕ್ಯಾನ್‌ನಲ್ಲಿ ಹೊಳೆಯುವ ದ್ರವ ಚುಚ್ಚಿ ರಕ್ತನಾಳ ನೋಡುವುದು) ಮಾಡುವ ಆತುರ ಬೇಡ. ಮೊದಲು ಕಾಂಟ್ರಾಸ್ಟ್ ಇಲ್ಲದ ಒಂದು ಸುತ್ತು ಸ್ಕ್ಯಾನ್. ಮಹಾಪಧಮನಿಯ ಗೋಡೆಯೊಳಗಿನ ಹೊಸ ರಕ್ತ ಅದರಲ್ಲಿ ಬಿಳಿ ಅರ್ಧಚಂದ್ರದಂತೆ, ಸುಮಾರು 60-70 ಹೌನ್ಸ್‌ಫೀಲ್ಡ್‌ನಲ್ಲಿ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಕಾಣುತ್ತದೆ. ವಿಂಡೋ (ಪರದೆಯಲ್ಲಿ ತೋರುವ ಸಾಂದ್ರತೆಯ ವ್ಯಾಪ್ತಿ) ಕಿರಿದಾಗಿಸಿ ನೋಡಿ. ಕಾಂಟ್ರಾಸ್ಟ್ ಹೊಳಪಿನ ಪಕ್ಕದಲ್ಲಿ ಇದು ಮಂಕಾಗಿ ತಪ್ಪಿಹೋಗುತ್ತದೆ.

ಆಮೇಲೆ ಬಲಗೈಗೆ 80-100 ಮಿ.ಲೀ. ಕಾಂಟ್ರಾಸ್ಟ್, ಸೆಕೆಂಡಿಗೆ 4-5 ಮಿ.ಲೀ. ವೇಗದಲ್ಲಿ, ಅದರ ಹಿಂದೆಯೇ 40 ಮಿ.ಲೀ. ಸಲೈನ್. ಎಡಗೈಗೆ ಕೊಟ್ಟರೆ ಕಮಾನಿನ (ಮಹಾಪಧಮನಿ ಬಾಗುವ ಭಾಗ) ಮುಂದೆ ಹಾಯುವ ಸಿರೆಯಿಂದ ಗೆರೆಗಳೆದ್ದು ಚಿತ್ರ ಕೆಡುತ್ತದೆ. ಕಾಂಟ್ರಾಸ್ಟ್ ಬಂದದ್ದನ್ನು ಅಳೆದು ಸ್ಕ್ಯಾನ್ ಶುರುಮಾಡಿಸುವ ಟ್ರ್ಯಾಕಿಂಗ್ ವೃತ್ತ ಸುಳ್ಳು ನಾಳದಲ್ಲಿ (ಸೀಳಿದ ಗೋಡೆಯ ಪದರಗಳ ನಡುವೆ ರಕ್ತ ತುಂಬಿದ ಜಾಗ) ಕೂತರೆ ಸ್ಕ್ಯಾನ್ ತಡವಾಗಿ ಶುರುವಾಗುತ್ತದೆ. ಹೊಳಪು ಏರದಿದ್ದರೆ ಕೈಯಿಂದಲೇ ಶುರುಮಾಡಿ. ಇಸಿಜಿ ಗೇಟಿಂಗ್ (ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಮಿಡಿಯುವ ಮಹಾಪಧಮನಿಯ ಬುಡ ಎರಡೆರಡು ಅಂಚು ತೋರಿಸಿ, ಇಲ್ಲದ ಸೀಳನ್ನು ಇದೆ ಅನ್ನಿಸುತ್ತದೆ. ಅದನ್ನು ನಂಬಿ ಎದೆ ತೆರೆಯುವುದಕ್ಕಿಂತ ದೊಡ್ಡ ಎಡವಟ್ಟಿಲ್ಲ.

ಸುಳ್ಳು ನಾಳ ಸಾಮಾನ್ಯವಾಗಿ ದೊಡ್ಡದು. ಅದನ್ನು ನಿಜ ನಾಳದಿಂದ ಬೇರ್ಪಡಿಸುವ, ಸೀಳಿದ ಒಳಪದರದ ಪರದೆ ಹೊರಗೋಡೆಗೆ ಸೇರುವಲ್ಲಿ ಕೊಕ್ಕಿನಂಥ ಚೂಪು ಮೂಲೆ ಇರುತ್ತದೆ.

1970ರ ಸ್ಟ್ಯಾನ್‌ಫರ್ಡ್ ವರ್ಗೀಕರಣ ಪದ್ಧತಿ ಸರಳ: ಆರೋಹಿ (ಹೃದಯದಿಂದ ಮೇಲೇರುವ) ಭಾಗ ಸೀಳಿದ್ದರೆ ಎ, ತುರ್ತು ಶಸ್ತ್ರಚಿಕಿತ್ಸೆ, ಇಲ್ಲದಿದ್ದರೆ ಬಿ, ಮೊದಲು ರಕ್ತದೊತ್ತಡ, ನಾಡಿ ಇಳಿಸುವುದು. ಕಮಾನಿನಲ್ಲೇ ಶುರುವಾದದ್ದರ ಗೊಂದಲಕ್ಕೆ 2020ರ ಎಸ್‌ವಿಎಸ್-ಎಸ್‌ಟಿಎಸ್ (ಅಮೆರಿಕದ ರಕ್ತನಾಳ ಮತ್ತು ಎದೆ ಸರ್ಜನ್‌ಗಳ ಸಂಘಗಳು) ಮಾನದಂಡ ರಕ್ತ ಗೋಡೆಯೊಳಗೆ ನುಗ್ಗುವ ಹರಕನ್ನೇ ಆಧಾರ ಮಾಡಿಕೊಂಡಿತು: ಅದು ವಲಯ 0ರಲ್ಲಿ (ಆರೋಹಿ ಭಾಗದಿಂದ ಕಮಾನಿನ ಮೊದಲ ಕವಲಿನವರೆಗೆ) ಇದ್ದರೆ ಎ, 1 ಅಥವಾ ಮುಂದಿದ್ದರೆ ಬಿ. ಹಾಗಾಗಿ ವರದಿಯಲ್ಲಿ ಬರೀ ‘ಟೈಪ್ ಬಿ’ ಸಾಲದು. ಹರಕು ಯಾವ ವಲಯದಲ್ಲಿ, ಸೀಳು ಎಲ್ಲಿಂದ ಎಲ್ಲಿಯವರೆಗೆ, ಕರುಳು, ಮೂತ್ರಪಿಂಡ, ಕಾಲಿಗೆ ರಕ್ತ ಹೋಗುತ್ತಿದೆಯೇ, ಹೃದಯದ ಸುತ್ತ ರಕ್ತವಿದೆಯೇ ಎಂದು ಬರೆಯಿರಿ. ಬರೆಯುವ ಮೊದಲು ಸರ್ಜನ್‌ಗೆ ಫೋನ್ ಮಾಡಿ.